ಮಾಗಿಯ ಚಳಿಯಲ್ಲಿ ಮೀನು ಹಿಡಿಯುವವರು ಮೈ ಬೆಚ್ಚಗಿಟ್ಟುಕೊಳ್ಳುವ ಬಗೆ



1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಕೊಪ್ಪಳ ತಾಲೂಕಿನ ಹಿನ್ನೀರಿನ ದಂಡೆಯಲ್ಲಿ ಬಲೆ ಬೀಸುವುದು ಅನೇಕರಿಗೆ ಕಸುಬಾಯಿತು. ಗಂಗಾವತಿಯ ಕಾಲುವೆ ಊರುಗಳಲ್ಲಿಯೂ ಕುಷ್ಟಗಿ, ಯಲಬುರ್ಗಿಯ ಕೆರೆಗಳಲ್ಲಿಯೂ ಒಕ್ಕಲುತನದ ಜೊತೆಗೆ ಗಾಳ ಹಾಕುವವರುಂಟು. ಎಳ್ಳ ಅಮಾವಾಸ್ಯೆಯ ಸುಮಾರಿಗೆ ನಸುಕಿನಲ್ಲಿ ನೀರಿಗಿಳಿದವರಿಗೆ ಚಳಿ ಎಂದರೇನೆಂದು ಹೇಳಬೇಕಾಗಿಲ್ಲ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹೀಗಿರುವಾಗ ಅಪಾಯವೆಲ್ಲಿಯದು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ಮಾಗಿಯಲ್ಲಿ ಹಿರಿಯರೊಬ್ಬರ ಜೊತೆ ಹಿನ್ನೀರಿಗೆ ಹೋಗಿ, ಹತ್ತಿಯ ಅಂಗಿಯಲ್ಲಿಯೇ ಸೊಂಟದ ನೀರಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಲೆಯ ಗಂಟು ಬಿಚ್ಚಲು ಬೆರಳುಗಳು ಬಾಗದಾದವು. ಹಿರಿಯರು, "ತಮ್ಮಾ, ಮೊದಲು ಮ್ಯಾಲೆ ಬಾ. ಮೀನ ನಾಳೆನೂ ಇರತಾವ" ಎಂದು ಕೂಗಿದರು. ದಂಡೆಯ ಮೇಲೆ ಅವರ ಕಂಬಳಿಯೊಳಗೆ ಒಣಗಿದ ಧೋತರ, ಅಂಗಿ ಸುತ್ತಿಟ್ಟಿದ್ದವು. ನನ್ನದು ಒಂದೇ ಜೊತೆ ಬಟ್ಟೆ, ಅದೂ ಒದ್ದೆ.

ಕಾರಣ ಹೀಗಿದೆ. ನಮ್ಮ ಮೈಯ ಒಳಗಿನ ಕಾವು ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಒದ್ದೆಯಾದ ಹತ್ತಿಬಟ್ಟೆ ಮೈಗೆ ಅಂಟಿಕೊಂಡು ಕಾವನ್ನು ಹೀರುತ್ತದೆ. ಉಣ್ಣೆಯ ಎಳೆಗಳು ಗುಂಗುರಾಗಿರುವುದರಿಂದ ಅವುಗಳ ನಡುವೆ ಗಾಳಿ ನಿಲ್ಲುತ್ತದೆ. ತುಸು ಒದ್ದೆಯಾದರೂ ಉಣ್ಣೆ ಬೆಚ್ಚಗಿಡುತ್ತದೆ. ಚಳಿ ದೇಶಗಳಲ್ಲಿ ಗರಿಯಿಂದ ಮಾಡಿದ ನೊಣವನ್ನು ಗಾಳಕ್ಕೆ ಕಟ್ಟಿ ಹೊಳೆಯಲ್ಲಿ ಮೀನು ಹಿಡಿಯುವವರೂ ಒಂದು ದಪ್ಪ ಬಟ್ಟೆಯ ಬದಲು ಎರಡು ಮೂರು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟು, ಅವುಗಳಲ್ಲಿ ಉಣ್ಣೆಯದೂ ಇರುವಂತೆ ನೋಡಿಕೊಳ್ಳುತ್ತಾರೆ.

ನೀವು ಮಾಡತಕ್ಕದ್ದು ಇಷ್ಟು:

1. ಒಳಗೆ ಉಣ್ಣೆಯ ಬನಿಯನ್ ಅಥವಾ ಸ್ವೆಟರ್ ತೊಡಿರಿ. ತಲೆ, ಕಿವಿಗೆ ಬಟ್ಟೆ ಸುತ್ತಿರಿ.

2. ಕಂಬಳಿ ಮತ್ತು ಒಂದು ಜೊತೆ ಒಣಬಟ್ಟೆಯನ್ನು ದಂಡೆಯ ಮೇಲೆ ಇಡಿರಿ. ಕಂಬಳಿ ಹೊದ್ದು ಆಳದ ನೀರಿಗೆ ಇಳಿಯಕೂಡದು. ನೆನೆದ ಕಂಬಳಿ ಭಾರವಾಗಿ ಕೆಳಗೆಳೆಯುತ್ತದೆ.

3. ಹಸಿದ ಹೊಟ್ಟೆಯಲ್ಲಿ ಹೋಗಬೇಡಿರಿ. ರೊಟ್ಟಿ ಅಥವಾ ಬಿಸಿ ಅಂಬಲಿ ಉಂಡು ಹೋಗಿರಿ.

4. ಆಗಾಗ ಮೇಲೆ ಬಂದು ಕೈಕಾಲು ಆಡಿಸಿರಿ. ಒಬ್ಬರೇ ಹೋಗಬೇಡಿರಿ. ಹರಿಗೋಲಿನಲ್ಲಿ ಹೋಗುವವರು ತೇಲುವ ಜಾಕೀಟು ತೊಡಲೇಬೇಕು. ಮರಗಟ್ಟಿದ ಕೈಗಳಿಂದ ಒಳ್ಳೆಯ ಈಜುಗಾರನೂ ಈಜಲಾರ.

5. ಚಳಿಗೆಂದು ಸೆರೆ ಕುಡಿಯುವುದು ದೊಡ್ಡ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬಿಸಿಯಾದಂತೆ ತೋರುತ್ತದೆ. ನಿಜವಾಗಿ ಒಳಗಿನ ಕಾವು ಹೊರಗೆ ಹೋಗುತ್ತದೆ.

6. ಮುಚ್ಚಿದ ಗುಡಿಸಲಿನಲ್ಲಿ ಕೆಂಡವಿಟ್ಟು ಮಲಗಕೂಡದು. ಅದರ ವಿಷಗಾಳಿಗೆ ವಾಸನೆಯಿಲ್ಲ. ಮಲಗಿದವರು ಏಳದೆ ಹೋಗಬಹುದು.

ಜೊತೆಯವನ ಮೇಲೆ ಕಣ್ಣಿಡಿರಿ. ನಡುಕ, ತೊದಲು ಮಾತು, ತಡವರಿಸುವ ನಡಿಗೆ ಕಂಡರೆ ಕೂಡಲೇ ನೀರಿನಿಂದ ಹೊರಗೆ ಕರೆತನ್ನಿರಿ. ಒದ್ದೆಬಟ್ಟೆ ತೆಗೆದು, ಮೈ ಒರಸಿ, ಕಂಬಳಿ ಸುತ್ತಿರಿ. ಎಚ್ಚರವಿದ್ದರೆ ಬೆಲ್ಲ ಹಾಕಿದ ಬಿಸಿ ಚಹಾ ಕೊಡಿರಿ. ಕೈಕಾಲು ತಿಕ್ಕಬೇಡಿರಿ, ಕುದಿನೀರು ಹಾಕಬೇಡಿರಿ. ಮೈ ಬೆಚ್ಚಗಾಗದೆಯೇ ನಡುಕ ನಿಂತು ಮಂಪರು ಬಂದರೆ ಅದು ಗುಣವಲ್ಲ, ಕೇಡಿನ ಗುರುತು. ತಡಮಾಡದೆ 108ಕ್ಕೆ ಕರೆಮಾಡಿರಿ.

ರಾತ್ರಿ ಹೊಲಕ್ಕೆ ನೀರು ಹಾಯಿಸುವವರಿಗೂ ಈ ಮಾತುಗಳೇ ಸಲ್ಲುತ್ತವೆ. ನಾಳೆ ನಸುಕಿಗೆ ಹೊರಡುವ ಮುಂಚೆ ಬಲೆಯ ಜೊತೆಗೆ ಒಣಬಟ್ಟೆಯ ಗಂಟನ್ನೂ ಕಟ್ಟಿಕೊಳ್ಳಿರಿ.