ಖಿನ್ನತೆಯ ಮಾತ್ರೆ: ಶುರುವಿಗೂ ಅವಸರ ಬೇಡ, ನಿಲ್ಲಿಸಲಿಕ್ಕೂ ಬೇಡ

ನಮ್ಮಲ್ಲಿ ಇದಕ್ಕೆ ಸರಿಯಾದ ಹೆಸರೇ ಇಲ್ಲ. ಮನೆಯವರ ಬಾಯಲ್ಲಿ ‘ನಿದ್ದೆ ಮಾತ್ರೆ’, ಬೀಗರ ಎದುರು ‘ಬಿಪಿ ಮಾತ್ರೆ’, ನುಂಗುವವರಿಗೆ ‘ಟೆನ್ಷನ್ ಮಾತ್ರೆ’. ಆದರೆ ಎಸಿಟಾಲೋಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್ ನಿದ್ದೆಯದೂ ಅಲ್ಲ, ಬಿಪಿಯದೂ ಅಲ್ಲ, ಟೆನ್ಷನ್ನಿನದೂ ಅಲ್ಲ. ಖಿನ್ನತೆಗೆ, ಆತಂಕಕ್ಕೆ ವೈದ್ಯರು ಬರೆಯುವ ಔಷಧಗಳು. ಹೆಸರು ತಪ್ಪಿದರೆ ಬಳಕೆಯೂ ತಪ್ಪುತ್ತದೆ. ನಿದ್ದೆ ಮಾತ್ರೆ ಅಂದುಕೊಂಡವರು ನಿದ್ದೆ ಬಂದ ರಾತ್ರಿ ಬಿಡುತ್ತಾರೆ. ಟೆನ್ಷನ್ ಮಾತ್ರೆ ಅಂದುಕೊಂಡವರು ಟೆನ್ಷನ್ ಆದ ದಿನ ಎರಡು ನುಂಗುತ್ತಾರೆ. ನಿಮ್ಮ ಕೈಗೂ ಇಂಥ ಚೀಟಿ ಬಂದಿದ್ದರೆ ಮುಂದೆ ಓದಿ.

1. ದಪ್ಪಕ್ಷರ ಬಿಡಿ, ಸಣ್ಣಕ್ಷರ ಓದಿ

ಸ್ಟ್ರಿಪ್ ಮೇಲೆ ಎದ್ದು ಕಾಣುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಗೆ ಅಚ್ಚಾಗಿರುವುದೇ ಔಷಧ. ಮೆಡಿಕಲ್ ಶಾಪಿನವರು ‘ಅದು ಖಾಲಿ, ಇದೂ ಅದೇ’ ಅಂದಾಗ ಆ ಸಣ್ಣ ಹೆಸರನ್ನೂ ಎಂಜಿಯನ್ನೂ ಚೀಟಿಯ ಜತೆ ತಾಳೆ ನೋಡಿ. ಸಿಟಾಲೋಪ್ರಾಮ್ ಬೇರೆ, ಎಸಿಟಾಲೋಪ್ರಾಮ್ ಬೇರೆ. ಮೊದಲನೆಯದರ 20 ಎಂಜಿ, ಎರಡನೆಯದರ ಹೆಚ್ಚುಕಮ್ಮಿ 10 ಎಂಜಿಗೆ ಸಮ.

ಹೆಸರಿನ ಕೊನೆಯಲ್ಲಿ ‘ಪ್ಲಸ್’ ಥರದ ಬಾಲ ಇದ್ದರೆ ಒಳಗೆ ಇನ್ನೊಂದು ಔಷಧವೂ ಇದೆ ಎಂದರ್ಥ. ನಮ್ಮ ದೇಶದಲ್ಲಿ ಅದು ಎಷ್ಟೋ ಸಲ ಕ್ಲೋನಾಜೆಪಾಮ್. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂಥ ಜೋಡಿ ಇದು. ಕ್ಲೋನಾಜೆಪಾಮ್ ನುಂಗಿದ ದಿನವೇ ಸಮಾಧಾನ ಕೊಡುತ್ತದೆ; ಆದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಹಾಗಾಗಿ ಸಾಮಾನ್ಯವಾಗಿ ಆರಂಭದ ಕೆಲವು ವಾರಗಳಿಗೆ ಸಾಕು. ಎಸಿಟಾಲೋಪ್ರಾಮ್ ನಿಧಾನಿ, ಅದು ತಿಂಗಳುಗಟ್ಟಲೆ ಬೇಕು. ಎರಡನ್ನೂ ಒಂದೇ ಮಾತ್ರೆಯಲ್ಲಿ ಕಟ್ಟಿಹಾಕಿದಾಗ ಬೇಗ ಇಳಿಯಬೇಕಾದದ್ದು ಕೂಡ ವರ್ಷಗಟ್ಟಲೆ ಜತೆಗೇ ಸವಾರಿ ಮಾಡುತ್ತದೆ. ‘ಇದರಲ್ಲಿರೋ ಕ್ಲೋನಾಜೆಪಾಮ್ ಎಷ್ಟು ದಿನಕ್ಕೆ ಡಾಕ್ಟ್ರೇ?’ ಎಂದು ಎರಡನೇ ಭೇಟಿಯಲ್ಲೇ ಕೇಳಿ. ವರ್ಷಗಳಿಂದ ನುಂಗುತ್ತಿದ್ದೀರಾ? ಹಾಗಾದರೆ ಇದನ್ನು ಓದಿ ಇವತ್ತೇ ಎಸೆಯಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು.

2. ಹಳೆಯ ಕತೆ ಮುಚ್ಚಿಡಬೇಡಿ

ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಹೃದಯ ಬಡಿತದ ತೊಂದರೆ ಇದೆಯೇ, ಫಿಟ್ಸ್ ಬಂದಿತ್ತೇ, ಗರ್ಭಿಣಿಯೇ – ಇಷ್ಟನ್ನು ವೈದ್ಯರೇ ಕೇಳುತ್ತಾರೆ. ಕೇಳದಿದ್ದರೂ ಹೇಳಬೇಕಾದದ್ದು ಒಂದಿದೆ. ಹಿಂದೆ ಎಂದಾದರೂ ವಾರಗಟ್ಟಲೆ ನಿದ್ದೆಯೇ ಬೇಡವೆನಿಸಿ, ಮಾತು ಹೆಚ್ಚಾಗಿ, ಕೈಬಿಚ್ಚಿ ಖರ್ಚು ಮಾಡಿ, ಲೋಕ ಗೆಲ್ಲುವ ಹುಮ್ಮಸ್ಸು ಬಂದಿತ್ತೇ? ನಿಮ್ಮ ಮನೆತನದಲ್ಲಿ ಯಾರಿಗಾದರೂ? ಅದು ಬೈಪೋಲಾರ್ ಕಾಯಿಲೆಯ ಗುರುತಾಗಿರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಪಾತಾಳದಿಂದ ಸೀದಾ ಉನ್ಮಾದಕ್ಕೆ ಹಾರುವ ಅಪಾಯವಿದೆ.

3. ಮೊದಲ ಹದಿನೈದು ದಿನ ಹೊಟ್ಟೆಯ ಪಾಲು

ಗುಣಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ತೊಂದರೆ: ವಾಕರಿಕೆ, ತಲೆನೋವು, ಭೇದಿ, ಒಂಥರಾ ಚಡಪಡಿಕೆ. ಬಹಳ ಜನರಲ್ಲಿ ಒಂದೆರಡು ವಾರಕ್ಕೆ ಇಳಿಯುತ್ತದೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ನಿದ್ದೆಗೆಡುತ್ತಿದ್ದರೆ ಬೆಳಿಗ್ಗೆಗೆ, ತೂಕಡಿಕೆಯಿದ್ದರೆ ರಾತ್ರಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮನಸ್ಸು ಹಗುರಾಗುವುದು ಎರಡರಿಂದ ನಾಲ್ಕು ವಾರಕ್ಕೆ, ಪೂರ್ತಿ ಗುಣ ಗೊತ್ತಾಗಲು ಆರೆಂಟು ವಾರ. ‘ಹತ್ತು ದಿನ ಆಯ್ತು, ಏನೂ ಆಗ್ಲಿಲ್ಲ’ ಎಂದು ಬಿಡುವವರು ಹೊಟ್ಟೆತೊಳಸನ್ನೆಲ್ಲ ಅನುಭವಿಸಿ, ಫಲ ಬರುವ ಹೊತ್ತಿಗೆ ಎದ್ದು ಹೋದವರು.

4. ಮನೆಯವರ ಒಂದು ಕಣ್ಣು ಇರಲಿ

ಮಾತ್ರೆ ಶುರುವಾದಾಗ, ಅಳತೆ ಬದಲಾದಾಗ, ಅದರಲ್ಲೂ 25ರ ಒಳಗಿನವರಲ್ಲಿ, ಸಾಯುವ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2004ರಲ್ಲಿ ಮಕ್ಕಳ, ಹದಿಹರೆಯದವರ ವಿಷಯದಲ್ಲಿ ಕೊಟ್ಟ ಈ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೂ ವಿಸ್ತರಿಸಿತು. ಹಾಗೆಂದು ಔಷಧವೇ ಬೇಡ ಅಂತಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯೂ ಜೀವ ತೆಗೆಯುತ್ತದೆ. ಹುಡುಗ ಕೂತಲ್ಲಿ ಕೂರದೆ ಶತಪಥ ಹಾಕುತ್ತಿದ್ದರೆ, ಹಠಾತ್ತನೆ ಸಿಡುಕು ಹೆಚ್ಚಿದ್ದರೆ, ‘ನಾನಿಲ್ದೆ ಇದ್ರೆ ನಿಮಗೆಲ್ಲ ನೆಮ್ಮದಿ’ ಅಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಸ್ಟ್ರಿಪ್‌ಗಳು ಮನೆಯ ಇನ್ನೊಬ್ಬರ ಸುಪರ್ದಿಯಲ್ಲಿರಲಿ. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂಥ ಹಳೆಯ ಔಷಧಗಳು ಅಳತೆ ಮೀರಿದರೆ ಹೃದಯಕ್ಕೆ ಕುತ್ತು ತರುತ್ತವೆ, ಅವಕ್ಕಂತೂ ಬೀಗವೇ ಇರಲಿ.

5. ಕೆಮ್ಮಿನ ಸಿರಪ್ಪಿಗೂ ಕೇಳಿಯೇ ಕೈಹಾಕಿ

ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಅತಿ ಹೆಚ್ಚು ಮರೆಯುವ ಸೂತ್ರ ಇದೇ. ಮಂಡಿನೋವಿಗೆ, ಕೆಮ್ಮಿಗೆ ಚೀಟಿಯಿಲ್ಲದೆ ಔಷಧ ತರುವುದು ನಮಗೆ ಕೊತ್ತಂಬರಿ ಸೊಪ್ಪು ತಂದಷ್ಟೇ ಸಲೀಸು. ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್, ನೋವಿನ ಟ್ರಮಡಾಲ್, ಆ್ಯಂಟಿಬಯಾಟಿಕ್ ಲಿನೆಜೊಲಿಡ್ – ಇವು ಖಿನ್ನತೆಯ ಮಾತ್ರೆಯ ಜತೆ ಸೇರಿ ಮೈಯಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಮಿತಿಮೀರುವಂತೆ ಮಾಡಬಲ್ಲವು. ಮೈ ಸುಡುವುದು, ಬೆವರು, ಕೈಕಾಲು ನಡುಕ, ಸ್ನಾಯು ಬಿಗಿತ, ಭೇದಿ, ಗಾಬರಿ ಒಟ್ಟೊಟ್ಟಿಗೆ ಬಂದರೆ ‘ಜ್ವರ ಇರಬೇಕು’ ಎಂದು ಮಲಗಬೇಡಿ. ಸ್ಟ್ರಿಪ್, ಸಿರಪ್ ಬಾಟಲಿ ಎರಡನ್ನೂ ಹಿಡಿದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಜತೆಗಿನ ಅಪಾಯ ಬೇರೆ: ಹೊಟ್ಟೆಯಲ್ಲಿ ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ಸುಳಿವು. ಸಾಮಾನ್ಯ ನೋವು-ಜ್ವರಕ್ಕೆ ಪ್ಯಾರಸಿಟಮಾಲ್ ಇವಕ್ಕಿಂತ ಸುರಕ್ಷಿತ. ಹೃದಯಕ್ಕೆಂದು ವೈದ್ಯರೇ ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಎರಡೂ ನಡೆಯುತ್ತಿವೆ ಎಂದು ತಿಳಿಸಿ.

6. ಅಜ್ಜಿಗೆ ಅರಳು ಮರಳು ಎಂದು ಕೈಬಿಡಬೇಡಿ

ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹಿರಿಯರಿಗೆ ಮಂಕು ಕವಿದರೆ, ಹೆಜ್ಜೆ ತಪ್ಪಿದರೆ, ಮಾತು ಒಂದಕ್ಕೊಂದು ಸೇರದಿದ್ದರೆ ವಯಸ್ಸನ್ನು ದೂರುವ ಮೊದಲು ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ. ಈ ಔಷಧಗಳು ಅದನ್ನು ಇಳಿಸಬಲ್ಲವು. ಬಿಪಿ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಜೈಡ್ ಸೇರಿದ್ದರೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಎಸಿಟಾಲೋಪ್ರಾಮ್ ಅನ್ನು ವಯಸ್ಸಾದವರಿಗೆ ಸಾಮಾನ್ಯವಾಗಿ 10 ಎಂಜಿ ದಾಟಿಸುವುದಿಲ್ಲ.

7. ಗುಂಡು ಬೇಡ

ಕುಡಿತ ತಾನೇ ಖಿನ್ನತೆ ತರುತ್ತದೆ. ಒಳಗೆ ಕ್ಲೋನಾಜೆಪಾಮ್ ಕೂಡ ಇದ್ದರೆ ಉಸಿರಾಟಕ್ಕೇ ಸಂಚಕಾರ.

8. ಹಾಸಿಗೆಯ ಮಾತನ್ನೂ ಹೇಳಿ

ಆಸಕ್ತಿ ಕುಗ್ಗುವುದು, ತೃಪ್ತಿ ತಡವಾಗುವುದು ಅಥವಾ ಆಗದೇ ಇರುವುದು ಈ ಮಾತ್ರೆಗಳ ಮಾಮೂಲು ಅಡ್ಡಪರಿಣಾಮ, ಗಂಡಸರಿಗೂ ಹೆಂಗಸರಿಗೂ. ಇದನ್ನು ವೈದ್ಯರಿಗೆ ಹೇಳಲಾಗದೆ ಗುಟ್ಟಾಗಿ ಮಾತ್ರೆ ಬಿಡುವವರಿದ್ದಾರೆ. ಅಳತೆ ತಗ್ಗಿಸಬಹುದು, ಬುಪ್ರೊಪಿಯಾನ್, ಮಿರ್ಟಜಪಿನ್‌ನಂಥ, ಈ ತೊಂದರೆ ಕಡಿಮೆಯಿರುವ ಔಷಧಕ್ಕೆ ಬದಲಿಸಬಹುದು. ಬಾಯಿ ಬಿಟ್ಟು ಹೇಳಲು ಆಗದಿದ್ದರೆ ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲಿಡಿ.

9. ಮರೆತದ್ದು ಮರೆತು ಹೋಗಲಿ

ಮುಂದಿನ ಮಾತ್ರೆಯ ಹೊತ್ತು ಹತ್ತಿರವಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

10. ಚೆನ್ನಾಗಿದ್ದೀನಿ ಅನ್ನಿಸಿದ ದಿನವೇ ಎಚ್ಚರ

ಗುಣವಾದ ಮೇಲೂ, ಮೊದಲ ಸಲದ ಖಿನ್ನತೆಯಾದರೆ ಕನಿಷ್ಠ ಆರರಿಂದ ಒಂಬತ್ತು ತಿಂಗಳು, ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷವೋ ಹೆಚ್ಚೋ ಮುಂದುವರಿಸುವುದು ರೂಢಿ. ಬೇಗ ಬಿಟ್ಟರೆ ಕಾಯಿಲೆ ಮರಳಬಹುದು. ದಿಢೀರನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಚಿತ್ರವಿಚಿತ್ರ ಕನಸು, ಕಾರಣವಿಲ್ಲದ ಅಳು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಡುವಾಗ ಈ ಕಾಟ ಜಾಸ್ತಿ. ಫ್ಲುಆಕ್ಸೆಟಿನ್ ವಾರಗಟ್ಟಲೆ ಮೈಯಲ್ಲೇ ಉಳಿಯುವುದರಿಂದ ಕಡಿಮೆ.

ಇದನ್ನು ನೋಡಿ ಸುತ್ತಲಿನವರು ‘ಚಟ ಹತ್ತಿದೆ’ ಅನ್ನುತ್ತಾರೆ. ಚಟವಲ್ಲ, ಯಾರೂ ಎಸಿಟಾಲೋಪ್ರಾಮ್‌ಗಾಗಿ ಹಪಹಪಿಸಿ ದಿನದಿನಕ್ಕೆ ಅಳತೆ ಏರಿಸಿಕೊಂಡು ಹೋಗುವುದಿಲ್ಲ. ಆದರೆ ಬಿಡುವಾಗಿನ ಸಂಕಟ ಸುಳ್ಳೂ ಅಲ್ಲ, ಅದನ್ನು ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವ ವೈದ್ಯರು ಸಿಕ್ಕರೆ ಬೇರೊಬ್ಬರನ್ನು ನೋಡಿ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಶುರುವಾಗಿ, ಮತ್ತೆ ನುಂಗಿದಾಗ ಬೇಗ ಇಳಿದರೆ ಅದು ಬಿಟ್ಟ ಸಂಕಟ. ವಾರಗಳ ನಂತರ ಮೆಲ್ಲಗೆ ಹಳೆಯ ಕತ್ತಲೆ ಕವಿದರೆ ಕಾಯಿಲೆಯೇ ಮರಳಿರುವ ಸಂಭವ ಹೆಚ್ಚು. ಬಿಡುವುದಾದರೆ ಅಳತೆ ಇಳಿಸುವ ಲೆಕ್ಕ ವಾರಗಳದ್ದು, ಕೆಲವರಿಗೆ ತಿಂಗಳುಗಳದ್ದು. ಕೊನೆಯ ಮೆಟ್ಟಿಲುಗಳೇ ಕಷ್ಟ, ಅಲ್ಲಿ ಇನ್ನೂ ನಿಧಾನ.

11. ಗರ್ಭ ನಿಂತಿತೆಂದು ಸ್ಟ್ರಿಪ್ ಎಸೆಯಬೇಡಿ

ಟೆಸ್ಟಿನಲ್ಲಿ ಎರಡು ಗೆರೆ ಕಂಡ ಕೂಡಲೇ ಮಾತ್ರೆಯನ್ನೆಲ್ಲ ನಿಲ್ಲಿಸುವುದು ನಮ್ಮ ಮನೆಗಳ ಪದ್ಧತಿ. ತಾಯಿಯ ಖಿನ್ನತೆ ಮರಳಿದರೆ ಮಗುವಿಗೂ ಹಾನಿಯೇ. ಅದೇ ವಾರ ಮನೋವೈದ್ಯರನ್ನೂ ಹೆರಿಗೆ ಡಾಕ್ಟರನ್ನೂ ಕಂಡು ನಿರ್ಧರಿಸಿ. ಎದೆಹಾಲು ಉಣಿಸುವವರಿಗೆ ಸರ್ಟ್ರಲಿನ್ ಅನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತಾರೆ.

12. ವೈದ್ಯರು ದೂರ ಎಂಬ ನೆಪ ಬೇಡ

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಅಷ್ಟಾಗಿ ಗೊತ್ತಿಲ್ಲ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ನಡುರಾತ್ರಿ ಮನಸ್ಸು ಕೈಮೀರಿದರೆ ಟೆಲಿ-ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲೂ ರಾತ್ರಿ ಉಚಿತ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.