ದೀರ್ಘಕಾಲಿಕ ನೋವು ಮತ್ತು ವೈದ್ಯಕೀಯ ದಾಖಲೆ

ಜ್ವರವನ್ನು ಉಷ್ಣಮಾಪಕವು ತಿಳಿಸುತ್ತದೆ. ರಕ್ತದೊತ್ತಡವನ್ನು ಅಳೆಯಲು ಯಂತ್ರವಿದೆ. ನೋವಿಗೆ ಅಂತಹ ಮಾಪಕವಿಲ್ಲ. ರೋಗಿಯು ಹೇಳಿದುದು ಮತ್ತು ವೈದ್ಯರು ಬರೆದುಕೊಂಡುದು, ಇವೇ ಅದಕ್ಕೆ ಮುಖ್ಯ ಆಧಾರ. ಬರೆಯದೆ ಉಳಿದ ನೋವು ಮುಂದಿನ ವೈದ್ಯರ ಪಾಲಿಗೆ ಇಲ್ಲದಂತೆಯೇ ಸರಿ.

ರೋಗಗಳನ್ನು ಸಂಕೇತಗಳಿಂದ ಗುರುತಿಸುವ ‘ಅಂತರರಾಷ್ಟ್ರೀಯ ರೋಗ ವರ್ಗೀಕರಣ’ವನ್ನು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸುತ್ತದೆ. ಆಸ್ಪತ್ರೆಯ ಅಂಕಿ ಅಂಶಗಳಿಗೂ ವಿಮೆಯ ಕಾಗದಪತ್ರಗಳಿಗೂ ಈ ಸಂಕೇತಗಳು ಬೇಕಾಗುತ್ತವೆ. ಅದರ 10ನೆಯ ಪರಿಷ್ಕರಣದಲ್ಲಿ, ಯಾವುದೇ ಒಂದು ಅಂಗಕ್ಕೆ ಸೇರಿಸಲಾಗದ ನೋವಿಗೆ ‘ಆರ್ 52’ ಎಂಬ ಸಂಕೇತವಿದೆ. ದಾಖಲೆಯಲ್ಲಿ ‘ಮೈಕೈ ನೋವು’ ಎಂದಷ್ಟೇ ಇದ್ದರೆ, ಸಂಕೇತ ನಮೂದಿಸುವ ಸಿಬ್ಬಂದಿಯು ‘ಆರ್ 52.9’, ಅಂದರೆ ಅನಿರ್ದಿಷ್ಟ ನೋವು ಎಂದು ಬರೆಯಬೇಕಾಗುತ್ತದೆ. ನೋವು ದೀರ್ಘಕಾಲಿಕವೆಂದು ವೈದ್ಯರು ಸ್ಪಷ್ಟಪಡಿಸಿದ್ದರೆ ಸಂಕೇತವು ‘ಆರ್ 52.2’ ಆಗುತ್ತದೆ, ಚಿಕಿತ್ಸೆಗೆ ಬಗ್ಗದ ದೀರ್ಘಕಾಲಿಕ ನೋವಾದರೆ ‘ಆರ್ 52.1’. ಒಂದು ಪದದಿಂದ ಇಷ್ಟು ವ್ಯತ್ಯಾಸ.

2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಂದು ಜಾರಿಗೆ ಬಂದ 11ನೆಯ ಪರಿಷ್ಕರಣವು ದೀರ್ಘಕಾಲಿಕ ನೋವಿಗೆ ‘ಎಂಜಿ 30’ ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ನೀಡಿದೆ. 3 ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮರುಕಳಿಸುವ ನೋವು ಇದರಲ್ಲಿ ಸೇರುತ್ತದೆ. ದೇಹದ 5 ಭಾಗಗಳ ಪೈಕಿ ಕನಿಷ್ಠ 4ರಲ್ಲಿ ಹರಡಿರುವ ನೋವಿಗೂ ಇಲ್ಲಿ ಸ್ಥಾನವಿದೆ. ಬೇರೊಂದು ಕಾಯಿಲೆ ಪತ್ತೆಯಾಗದಿದ್ದರೂ ನೋವನ್ನೇ ರೋಗವೆಂದು ಪರಿಗಣಿಸಬಹುದು ಎಂಬುದು ಈ ಪರಿಷ್ಕರಣದ ಮಹತ್ತ್ವದ ಅಂಶ. ‘ಎಲ್ಲ ಪರೀಕ್ಷೆಯೂ ಸರಿಯಾಗಿದೆ, ನಿಮಗೇನೂ ಇಲ್ಲ’ ಎಂಬ ಮಾತು ಕೇಳಿ ಮನೆಗೆ ಮರಳಿದವರಿಗೆ ಇದರ ಬೆಲೆ ತಿಳಿದೀತು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಕನ್ನಡದಲ್ಲಿ ಉರಿ, ಸೆಳೆತ, ಚುಚ್ಚುವಿಕೆ, ಜೋಮು, ಹಿಂಡುವಿಕೆ ಎಂದು ನಾವು ಬೇರೆ ಬೇರೆಯಾಗಿ ಹೇಳುತ್ತೇವೆ. ಮುಂಬಯಿಯಲ್ಲೋ ದೆಹಲಿಯಲ್ಲೋ ಇವೆಲ್ಲವೂ ‘ದರ್ದ್’ ಎಂಬ ಒಂದೇ ಪದದಲ್ಲಿ ಅಡಗಿಬಿಡುತ್ತವೆ. ಉರಿ ಮತ್ತು ಜೋಮು ನರಸಂಬಂಧಿ ನೋವಿನ ಸೂಚನೆಗಳಾಗಿರಬಹುದು. ಅದಕ್ಕೆ ಚಿಕಿತ್ಸೆಯೂ ಸಂಕೇತವೂ ಬೇರೆ. ಆದುದರಿಂದ ನೋವಿನ ಸ್ಥಳ, ಸ್ವರೂಪ, ಆರಂಭವಾದ ತಿಂಗಳು, 0ಯಿಂದ 10ರವರೆಗಿನ ತೀವ್ರತೆ ಇವನ್ನು ಮನೆಯಲ್ಲೇ ಬರೆದುಕೊಂಡು ಹೋಗುವುದು ಲೇಸು. ಮೆಟ್ಟಿಲು ಹತ್ತಲಾಗುತ್ತಿಲ್ಲ, ರಾತ್ರಿ ನಿದ್ರೆಯಿಲ್ಲ ಎಂಬಂತಹ ಸಂಗತಿಗಳನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. 11ನೆಯ ಪರಿಷ್ಕರಣದಲ್ಲಿ ಇವನ್ನೂ ನಮೂದಿಸಲು ಅವಕಾಶವಿದೆ.

ವರ್ಗಾವಣೆಯಾಗಿ ಊರು ಬಿಡುವವರು ದಾಖಲೆಗಳ ಪ್ರತಿಯನ್ನು ಮೊದಲೇ ಕೇಳಿ ಪಡೆಯತಕ್ಕದ್ದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವಿನಿಯಮಗಳ ಪ್ರಕಾರ, ರೋಗಿಯು ಕೋರಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕು. ಒಳರೋಗಿಗಳ ದಾಖಲೆಗಳನ್ನು ಕಾಯ್ದಿಡಬೇಕಾದ ಅವಧಿಯಾದರೋ ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಮಾತ್ರ.