ಹನ್ನೆರಡು ಮಂದಿಯನ್ನು ಎಲ್ಲಿಂದ ತರ್ತೀಯ?

ಮಗಾ, ಆಲೆಮನೆಯವರು ಲೆಕ್ಕ ಬರೆದಿಟ್ಟುಕೊಳ್ಳೋಕೆ ಆ್ಯಪ್ ಮಾಡಿದ್ದೀಯ, ಸಂತೋಷ. ಅದನ್ನು ಪರೀಕ್ಷೆ ಮಾಡಿಕೊಡಿ ಅಂತ ಕಾಲೇಜು ಸ್ನೇಹಿತರ ವಾಟ್ಸಾಪ್ ಗುಂಪಿಗೆ ಲಿಂಕ್ ಬಿಟ್ಟಿದ್ದೀಯಂತೆ. ನನ್ನ ತಕರಾರು ಅಲ್ಲೇ ಇರೋದು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾನೇ ತಲೆ ನರೆಸಿಕೊಂಡು ಮಂಡ್ಯದ ಗುತ್ತಲಿಗೆ ಬಂದು ಕೂತವನು ನಾನು. ಕೇಳು.

ಮೊದಲು ನಿಯಮ. 2023ರ ನವೆಂಬರ್ 13ರ ಈಚೆಗೆ ಪ್ಲೇ ಸ್ಟೋರ್‌ನಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಕ್ಲೋಸ್ಡ್ ಟೆಸ್ಟಿಂಗ್ ಮಾಡದೆ ಆ್ಯಪ್ ಬಿಡುಗಡೆ ಮಾಡೋ ಹಾಗಿಲ್ಲ. ಕನಿಷ್ಠ 12 ಜನ ಸತತ 14 ದಿನ ಸೇರಿಕೊಂಡೇ ಇರಬೇಕು. ಮೊದಲು ಅದು 20 ಇತ್ತು, ಆಮೇಲೆ ಇಳಿಸಿದರು. ನಡುವೆ ಯಾರೋ ಬೇಜಾರಾಗಿ ಬಿಟ್ಟು ಹೋಗ್ತಾರೆ, ಹಾಗಾಗಿ ಇಪ್ಪತ್ತು ಜನರನ್ನೇ ಹಿಡಿ. ಸ್ನೇಹಿತರು ಇಂಟರ್ನಲ್ ಟೆಸ್ಟಿಂಗ್‌ನಲ್ಲಿರಲಿ, ಅಲ್ಲಿ 100 ಜನರವರೆಗೆ ಜಾಗವಿದೆ.

ಈ ಹನ್ನೆರಡು ಮಂದಿ ಯಾರು ಅನ್ನೋದೇ ನಿಜವಾದ ಕೆಲಸ. ನಿನ್ನ ಆ್ಯಪ್‌ನಲ್ಲಿ ಜಮೀನಿನ ವಿಸ್ತೀರ್ಣ ಕೇಳ್ತೀಯಲ್ಲ, ಕಬ್ಬು ಬೆಳೆದವನು ಒಂದು ಎಕರೆ ಇಪ್ಪತ್ತು ಗುಂಟೆಗೆ 1.20 ಅಂತ ಒತ್ತುತ್ತಾನೆ. ಅವನು ಲೆಕ್ಕ ಹಿಡಿದಿರೋದೇ ಹಾಗೆ. ನಿನ್ನ ಆ್ಯಪ್ ಅದನ್ನು ದಶಮಾಂಶ ಅಂದುಕೊಂಡು ಒಂದು ಎಕರೆ ಎಂಟು ಗುಂಟೆ ಮಾಡುತ್ತೆ. ಹನ್ನೆರಡು ಗುಂಟೆ ಮಾಯ! ನಿನ್ನ ಕಾಲೇಜಿನ ಗೆಳೆಯ ಇದನ್ನು ಎಂದಾದರೂ ಹಿಡಿದಾನಾ? ಬೆಲ್ಲ ಅಂತ ಒಂದೇ ಖಾನೆ ಇಟ್ಟಿದ್ದೀಯ. ಮಂಡ್ಯದ ಎಪಿಎಂಸಿಯಲ್ಲಿ ಅಚ್ಚು, ಬಾಕ್ಸ್, ಕುರಿಕಟ್ಟು, ಬಕೆಟ್ಟು ಅಂತ ಒಂದೊಂದಕ್ಕೆ ಒಂದೊಂದು ದರ. ಮಂಡಿಗೆ ಬೆಲ್ಲ ಹಾಕುವವನು ಆ್ಯಪ್ ತೆರೆದ ಕೂಡಲೇ ಇದನ್ನು ಹೇಳ್ತಾನೆ. ಕೊಪ್ಪರಿಗೆ ಮುಂದೆ ನಿಂತವನ ಕೈ ಅಂಟಾಗಿರುತ್ತೆ, ಚಿಕ್ಕ ಗುಂಡಿ ಅವನಿಗೆ ಆಗೋದಿಲ್ಲ.

ಇನ್ನೊಂದು ಜಾತಿಯ ಪರೀಕ್ಷಕರು ಊರೂರಲ್ಲೂ ಇದ್ದಾರೆ, ಯಾರೂ ಅವರನ್ನು ಕೇಳೋದಿಲ್ಲ. 2020ರ ಮುಂಗಾರಿನಲ್ಲಿ ಸರ್ಕಾರ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಹಾಕುವ ಆ್ಯಪ್ ತಂತು ನೋಡು, ಆ ಬೆಳೆ ಸಮೀಕ್ಷೆಗೆ ಹೊಲ ಹೊಲ ಸುತ್ತುವ ಪಿ.ಆರ್. (ಪ್ರೈವೇಟ್ ರೆಸಿಡೆಂಟ್) ಹುಡುಗರು. ನೆಟ್‌ವರ್ಕ್ ಎಲ್ಲಿ ಕೈಕೊಡುತ್ತೆ, ಬಿಸಿಲಲ್ಲಿ ಯಾವ ಬಣ್ಣ ಕಾಣಲ್ಲ ಅನ್ನೋದು ಅವರಿಗೆ ಗೊತ್ತು. ಇಬ್ಬರನ್ನಾದರೂ ಸೇರಿಸಿಕೋ.

ಸೇರಿಸೋದೂ ಸುಲಭವಲ್ಲ ಕಣಪ್ಪ. ಪಟ್ಟಿಗೆ ಅವರ ಜಿಮೇಲ್ ಬೇಕು. ಅದನ್ನು ಮೊಬೈಲ್ ಅಂಗಡಿ ಹುಡುಗ ಮಾಡಿಕೊಟ್ಟಿರ್ತಾನೆ, ಫೋನಿನ ಯಜಮಾನನಿಗೇ ಗೊತ್ತಿರಲ್ಲ. ಪ್ಲೇ ಸ್ಟೋರ್ ತೆರೆದು ಮೂಲೆಯ ಗುರುತು ಮುಟ್ಟಿ ಅಲ್ಲಿರೋ ವಿಳಾಸ ಬರೆದುಕೋ. ಅದೇ ಖಾತೆಯಿಂದಲೇ ಆಹ್ವಾನದ ಲಿಂಕ್ ಒಪ್ಪಿಸು. ಬೆಳೆಗಾರರು, ಆಲೆಮನೆಯವರು, ಮಂಡಿಯವರು ಅಂತ ಪಟ್ಟಿ ಬೇರೆ ಬೇರೆ ಇರಲಿ, ಯಾವ ದೂರು ಎಲ್ಲಿಂದ ಬಂತು ಅಂತ ತಿಳಿಯುತ್ತೆ.

“ಹೆಂಗೈತೆ?” ಅಂತ ಮಾತ್ರ ಕೇಳಬೇಡ. “ಚೆನ್ನಾಗೈತೆ ಬುಡಪ್ಪ” ಅಂತಾರೆ, ನಮ್ಮ ಜನ ಎದುರಿಗಿರುವವರನ್ನು ನೋಯಿಸೋದಿಲ್ಲ. ನಿನ್ನೆ ತೂಕ ಹಾಕಿದ ಕಬ್ಬಿನ ಲೆಕ್ಕ ಬರೀರಿ ಅಂತ ಫೋನ್ ಅವರ ಕೈಗೆ ಕೊಟ್ಟು ನೀನು ಬಾಯಿ ಮುಚ್ಚಿಕೊಂಡು ನೋಡು. ಬೆರಳು ಎಲ್ಲಿ ತಡವರಿಸ್ತೋ ಅಲ್ಲಿ ನಿನ್ನ ತಪ್ಪಿದೆ. ದೂರನ್ನು ಬರೆದೇ ಕೊಡಬೇಕು ಅನ್ನಬೇಡ, ವಾಯ್ಸ್ ಮೆಸೇಜ್ ಸಾಕು. ಸರಿಪಡಿಸಿದ ಮೇಲೆ ಹೇಳಿದವರಿಗೇ ಮೊದಲು ತಿಳಿಸು. ಏನೂ ಹೇಳದೆ ಮೂರನೇ ದಿನಕ್ಕೆ ಆ್ಯಪ್ ತೆರೆಯೋದನ್ನೇ ಬಿಟ್ಟವನ ಮನೆಗೆ ತಪ್ಪದೆ ಹೋಗು, ದೊಡ್ಡ ದೂರು ಅವನ ಹತ್ತಿರವೇ ಇರುತ್ತೆ.

ದುಡ್ಡು ಕೊಟ್ಟರೆ ಹನ್ನೆರಡು ಹೆಸರು ಒದಗಿಸುವವರು ಇಂಟರ್ನೆಟ್ಟಲ್ಲಿ ಇದ್ದಾರೆ. ಆ ದಾರಿ ತುಳಿಯಬೇಡ. ಬಿಡುಗಡೆಗೆ ಅರ್ಜಿ ಹಾಕುವಾಗ ಪರೀಕ್ಷಕರು ಏನು ಹೇಳಿದರು, ನೀನೇನು ಬದಲಿಸಿದೆ ಅಂತ ಗೂಗಲ್ ಕೇಳುತ್ತೆ. ಬಾಡಿಗೆ ಹೆಸರುಗಳಿಂದ ಆ ಉತ್ತರ ಹುಟ್ಟೋದಿಲ್ಲ.

ಇವರು ನಿನಗೆ ಕೊಡ್ತಿರೋದು ತಮ್ಮ ಜಮೀನು, ಸಾಲ, ಕೂಲಿಯ ನಿಜವಾದ ಲೆಕ್ಕ. ಯಾವುದನ್ನು ಯಾಕೆ ಇಟ್ಟುಕೊಳ್ತೀಯ ಅಂತ ಮೊದಲೇ ಕನ್ನಡದಲ್ಲಿ ಹೇಳಿ ಒಪ್ಪಿಗೆ ತಗೋ. ಪರೀಕ್ಷೆ ಮುಗಿದ ದಿನ ಅವರ ಎದುರಿಗೇ ಅದನ್ನೆಲ್ಲ ಅಳಿಸಿಬಿಡು.